ಸಿಪಿಯು ಡಬ್ಬಿ ಜುಂ ಅಂದ್ರ ಸುಮ್ನಿರಬ್ಯಾಡ್ರಿ

ದಸರಾ ಹತ್ರ ಬಂತು. ಧೂಳು ಹೊಡಿಯೋದು, ಪಾತ್ರಿ ಬೆಳಗೋದು, ಹಾಸಿಗಿ ಹೊದಿಕಿ ಒಗಿಯೋದು ಎಲ್ಲಾರ ಮನ್ಯಾಗೂ ಶುರು ಆಗಿರ್ತತಿ. ಕೈ ಬಿಡುವಿಲ್ಲ ಅಂತ ಗೊತ್ತೈತಿ. ಆದ್ರೂ ಹತ್ತು ನಿಮಿಷ ಕುಂತು ಇದನ್ನ ಓದ್ರಿ. ಈ ಸಲ ಚಟ್ನಿಪುಡಿ, ಉಪ್ಪಿನಕಾಯಿ ವಿಷಯ ಅಲ್ಲ. ಕರೆಂಟಿನ ವಿಷಯ, ಅದ್ರಾಗೂ ಕಂಪ್ಯೂಟರ್ ಕರೆಂಟಿನ ವಿಷಯ.

ಪಿಯುಸಿ ಓದಿದಾಕಿ ನಾನು, ಇಂಜಿನಿಯರ್ ಅಲ್ಲ. ಆದ್ರ ನಮ್ಮ ಹೊಸಪೇಟಿ ಮನ್ಯಾಗ, ತಂಗಿ ಇರೋ ಕಂಪ್ಲ್ಯಾಗ, ಅಕ್ಕ ಇರೋ ಸಂಡೂರಾಗ, ಅತ್ತಿಗಿ ತವರುಮನಿ ಹಂಪಿ ಕಡೆ, ಎಲ್ಲಾ ಕಡೆನೂ ಈಗ ಒಂದೊಂದು ಕಂಪ್ಯೂಟರ್ ಬಂದು ಕುಂತೈತಿ. ಅದನ್ನ ನಡೆಸೋರು ಹುಡುಗ್ರು, ಗಂಡಸ್ರು. ಒರೆಸೋರು ಯಾರು? ನಾವು. ಅದರ ಕೆಳಗ ನೆಲ ಒರೆಸೋರು ಯಾರು? ನಾವು. ಒದ್ದಿ ಕೈಲೆ, ಬರಿಗಾಲಿಲೆ ಅದರ ಹತ್ರ ಹೋಗೋರು ನಾವ ಅಂದ ಮ್ಯಾಲ, ಅದರ ಗುಣ ಏನಂತ ನಮಗ ಗೊತ್ತಿರಬೇಕಲ್ಲ?

ಕಂಪ್ಲಿ ಮಾತು ಮೊದಲು ಹೇಳ್ತೀನಿ. ತಂಗಿ ಮಗಳಿಗೆ ಕಾಲೇಜಿನ ಓದಿಗೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದ್ರು. ಬಾಡಿಗಿ ಮನಿ, ಹಳೇ ವೈರಿಂಗು. ಎರಡು ಮೂರು ದಿನ ಆಯ್ತು, ಹುಡುಗಿ ನನಗ ಫೋನ್ ಮಾಡಿದಾಗ ಸುಮ್ನ ನಗ್ತಾ ಹೇಳಿದ್ಲು, "ದೊಡ್ಡಮ್ಮ, ನಮ್ಮ ಸಿಪಿಯು ಮುಟ್ಟಿದ್ರ ಜುಂ ಅಂತತಿ, ಇರಿವಿ ಹರದಂಗ ಆಗ್ತತಿ." ತಂಗಿ ಹಿಂದಿಂದ, "ಕಾಲಾಗ ಚಪ್ಪಲಿ ಹಾಕ್ಕೊಂಡು ಕುಂದ್ರು ಅಂತ ಹೇಳೀವಿ ಬಿಡಕ್ಕ, ಎಲ್ಲಾ ಕಂಪ್ಯೂಟರೂ ಹಂಗ ಅಂತ" ಅಂದ್ಲು.

"ಜುಂ" ಅನ್ನೋ ಆ ಒಂದು ಮಾತಿಗೆ ನನ್ನ ಕೈಯಾಗಿನ ಫೋನ್ ನಡುಗಿತು. ಯಾಕಂತ ನಮ್ಮ ತವರುಮನಿಯವರಿಗೆ ಗೊತ್ತೈತಿ, ಉಳಿದೋರಿಗೆ ಹೇಳ್ತೀನಿ. ನಾನು ಕಾಲೇಜಿಗೆ ಹೋಗೋ ದಿನದಾಗ ನಮ್ಮ ಸೋದರಮಾವ ಭತ್ತದ ಗದ್ದಿ ಮೋಟರ್ ಚಾಲೂ ಮಾಡಾಕ ಹೋಗಿ ಹೊಳ್ಳಿ ಬರಲಿಲ್ಲ. ಸ್ಟಾರ್ಟರ್ ಕಬ್ಬಿಣದ ಡಬ್ಬಿ, ಕಾಲ ಕೆಳಗ ಕೆಸರು. ಅದಕ್ಕಿಂತ ಮೊದಲು ಒಂದು ತಿಂಗಳಿಂದ ಮಾವ ಉಣ್ಣಾಕ ಕುಂತಾಗ ಹೇಳ್ತಿದ್ದ, "ಆ ಡಬ್ಬಿ ಮುಟ್ಟಿದ್ರ ಜುಂ ಅಂತತಿ ನೋಡು" ಅಂತ. ಗದ್ದಿ ಕೆಲಸದವರು ನಕ್ಕು, "ಕಟಿಗಿ ತಗೊಂಡು ಒತ್ತು ಗೌಡ" ಅಂದಿದ್ರು. ಮಾವ ಕಟಿಗಿ ತಗೊಂಡು ಒತ್ತತಿದ್ದ. ಆವತ್ತು ಕಟಿಗಿ ಕೈಗೆ ಸಿಕ್ಕಿರಲಿಲ್ಲೋ ಏನೋ. ನಮ್ಮವ್ವ ಸಾಯೋ ತನಕ ಆ ಮಾತು ಹೇಳ್ತಿದ್ಲು: ಅದು ಒಮ್ಮೆಲೆ ಕೊಲ್ಲಲಿಲ್ಲ, ಒಂದು ತಿಂಗಳು ಕೂಗಿ ಕೂಗಿ ಹೇಳಿ ಆಮ್ಯಾಲ ಕೊಂತು.

ಅದಕ್ಕ ಮರುದಿನ ಬೆಳಿಗ್ಗೆ ಬಸ್ ಹತ್ತಿ ಕಂಪ್ಲಿಗೆ ಹೋದೆ. ತಂಗಿ ಗಂಡ, "ಇಷ್ಟಕ್ಕ ಬಂದ್ರಾ ಅಕ್ಕಾರ?" ಅಂತ ನಕ್ರು. ನಾನೂ ನಕ್ಕೆ, ಆದ್ರ ಪ್ಲಗ್ಗು ತೆಗಿಸಿದೆ, ಎಲೆಕ್ಟ್ರಿಷಿಯನ್ ಬರೋ ತನಕ ಹಾಕಬ್ಯಾಡ್ರಿ ಅಂದೆ.

ಈಗ ಆ ಜುಂ ಅನ್ನೋದು ಯಾಕ ಅಂತ ಹೇಳ್ತೀನಿ. ಇದನ್ನ ನನಗ ಬಿಡಿಸಿ ಹೇಳಿದಾಂವ ಸಂಡೂರಿನ ಅಕ್ಕನ ಮಗ. ಡಿಪ್ಲೊಮಾ ಓದ್ಯಾನ, ಕಂಪ್ಯೂಟರ್ ರಿಪೇರಿನೂ ಮಾಡ್ತಾನ.

ನಮ್ಮ ಮನಿಗೆ ಬರೋ ಕರೆಂಟು 230 ವೋಲ್ಟು. ಕಂಪ್ಯೂಟರ್ ಒಳಗಿನ ಸಣ್ಣ ಸಣ್ಣ ಭಾಗಕ್ಕ ಬೇಕಾಗಿದ್ದು ಬರೇ 12 ವೋಲ್ಟು, 5 ವೋಲ್ಟು, 3.3 ವೋಲ್ಟು. ದೊಡ್ಡ ಕರೆಂಟನ್ನ ಸಣ್ಣದು ಮಾಡಿ ಕೊಡಾಕ ಸಿಪಿಯು ಹಿಂದ ಒಂದು ಕಬ್ಬಿಣದ ಡಬ್ಬಿ ಇರ್ತತಿ, ಫ್ಯಾನ್ ಇರ್ತತಲ್ಲ, ವೈರ್ ಹೋಗಿ ಸಿಗಿತತಲ್ಲ, ಅದ. ಅದಕ್ಕ ಎಸ್‌ಎಂಪಿಎಸ್ ಅಂತಾರ. ಅದರ ಬಾಗಿಲಾಗ ಕರೆಂಟಿನ ಗದ್ದಲ ಸೋಸಾಕ ಒಂದು ಜರಡಿ ಇದ್ದಂಗ ಇಟ್ಟಿರ್ತಾರ. ಆ ಜರಡಿಯಿಂದ ಒಂಚೂರು ಕರೆಂಟು ಕಬ್ಬಿಣದ ಮೈಗೆ ಸೋರತತಿ. ಅದು ತಪ್ಪಲ್ಲ, ಮಾಡಿದ್ದ ಹಂಗ. ಆ ಸೋರಿದ್ದು ಅರ್ಥ್ ವೈರ್ ಹಿಡ್ಕೊಂಡು ಭೂಮಿಗೆ ಹೋಗಬೇಕು. ಬಚ್ಚಲ ನೀರು ಮೋರಿಗೆ ಹೋದಂಗ.

ಮೋರಿನ ಇಲ್ಲಾಂದ್ರ? ನೀರು ಬಚ್ಚಲದಾಗ ನಿಂದರ್ತತಿ. ಹಂಗ ಅರ್ಥ್ ಇಲ್ಲದ ಮನ್ಯಾಗ ಆ ಸೋರಿಕಿ ಕರೆಂಟು ಡಬ್ಬಿ ಮೈಮ್ಯಾಲ ನಿಂದರ್ತತಿ. ಸುಮಾರು ಅರ್ಧ ವೋಲ್ಟೇಜು, ಅಂದ್ರ 115 ವೋಲ್ಟಿನ ಹತ್ರ ಇರ್ತತಿ. ಆದ್ರ ಅದರ ಹಿಂದ ಬಲ ಇರಂಗಿಲ್ಲ, ಒಂದು ಮಿಲಿಆಂಪಿಯರ್ ಆಸುಪಾಸು ಅಷ್ಟ. ಅದಕ್ಕ ಮುಟ್ಟಿದ್ರ ಜುಂ ಅಂತತಿ, ಸಾಯಂಗಿಲ್ಲ.

"ಸಾಯಂಗಿಲ್ಲಾಂದ್ರ ಮತ್ಯಾಕ ಹೆದರಿಸ್ತೀ ಅಕ್ಕಾ?" ಅಂತ ತಂಗಿ ಕೇಳಿದ್ಲು. ನೀವೂ ಕೇಳ್ತೀರಿ. ಇಲ್ಲೇ ಐತಿ ನೋಡ್ರಿ ಗುಟ್ಟು. ಆ ಜುಂ ಅನ್ನೋದು ಅಪಾಯ ಅಲ್ಲ, ಅಪಾಯದ ಸುದ್ದಿ. ನಿಮ್ಮ ಮನ್ಯಾಗ ಅರ್ಥ್ ಇಲ್ಲ ಅಂತ ಅದು ಹೇಳಾಕತ್ತೈತಿ. ನಾಳೆ ಒಳಗ ಒಂದು ವೈರ್ ಇಲಿ ಕಡೀತು, ಇಲ್ಲಾ ಬಿಸಿಗೆ ಕರಗಿ ಫೇಸ್ ವೈರು ನೇರ ಡಬ್ಬಿಗೆ ತಗಲ್ತು ಅಂತ ತಿಳ್ಕೋರಿ. ಅರ್ಥ್ ಇದ್ರ ಆ ಕರೆಂಟು ಒಮ್ಮೆಲೆ ಭೂಮಿಗೆ ನುಗ್ಗಿ, ಫ್ಯೂಸ್ ಹೋಗಿ, ಎಲ್ಲಾ ಬಂದ್ ಆಗ್ತತಿ. ಅರ್ಥ್ ಇಲ್ಲಾಂದ್ರ ಫ್ಯೂಸ್ ಹೋಗಂಗಿಲ್ಲ, ಡಬ್ಬಿ ಸುಮ್ನ 230 ವೋಲ್ಟು ಹೊತ್ಕೊಂಡು ಕುಂತಿರ್ತತಿ. ಯಾರ ಕೈ ಬರ್ತತಿ ಅಂತ ಕಾಯ್ತತಿ. ನಮ್ಮ ಮಾವನ ಸ್ಟಾರ್ಟರ್ ಡಬ್ಬಿ ಕಾದಂಗ.

ಪ್ಲಗ್ಗಿನಾಗ ಮೂರು ಕಡ್ಡಿ ಇರ್ತಾವಲ್ಲ, ಮ್ಯಾಲಿಂದು ಉದ್ದ, ದಪ್ಪ. ಅದ ಅರ್ಥ್. ಉದ್ದ ಯಾಕಂದ್ರ ಹಾಕೋವಾಗ ಅದು ಮೊದಲು ಕೂಡಬೇಕು, ತೆಗಿಯೋವಾಗ ಕಡೀಕ ಬಿಡಬೇಕು. ಕಾವಲುಗಾರ ಮೊದಲು ಬಂದು ಕಡೀಕ ಹೋದಂಗ. ಎಷ್ಟೋ ಮನ್ಯಾಗ ಬೋರ್ಡಿಗೆ ಹಿಡಿಯಂಗಿಲ್ಲ ಅಂತ ಆ ಕಡ್ಡಿನ ಮುರಿದು ಹಾಕಿರ್ತಾರ, ಇಲ್ಲಾ ಎರಡು ಕಡ್ಡಿ ಪ್ಲಗ್ಗು ಸಿಗಿಸಿರ್ತಾರ. ಮಿಕ್ಸರ್, ಫ್ರಿಜ್ಜು, ಇಸ್ತ್ರಿ ಪೆಟಗಿದೂ ನೋಡ್ರಿ. ಕಾವಲುಗಾರನ ಕಾಲು ಮುರಿದು ಕಳ್ಳನ್ನ ಕಾಯಿ ಅಂದಂಗ ಅದು.

ಕಂಪ್ಲ್ಯಾಗ ಮೊದಲು ಬಂದ ಹುಡುಗ ಒಂದು ಸುಲಭದ ದಾರಿ ತೋರಿಸಿದ. "ಅಮ್ಮಾ, ಬೋರ್ಡಿನಾಗ ನ್ಯೂಟ್ರಲ್‌ನಿಂದ ಅರ್ಥ್ ತೂತಿಗೆ ಒಂದು ತುಂಡು ವೈರ್ ಹಾಕಿಬಿಡ್ತೀನಿ, ಜುಂ ಅನ್ನೋದು ಈಗಿಂದೀಗ ನಿಂದರ್ತತಿ" ಅಂದ. ತಂಗಿ ಗಂಡ, "ಹಾಕಪ್ಪ" ಅಂದೇ ಬಿಟ್ರು. ನಾನು ತಡಿ ಅಂದು ಸಂಡೂರಿನ ಹುಡುಗನಿಗೆ ಫೋನ್ ಹಚ್ಚಿದೆ. ಅವನು ಆ ಕಡೆಯಿಂದ ಚೀರಿದ, "ಚಿಕ್ಕಮ್ಮ, ಹಾಕಗೊಡಬ್ಯಾಡ್ರಿ! ಜುಂ ಅನ್ನೋದು ನಿಂದರ್ತತಿ ಖರೆ. ಆದ್ರ ಯಾವತ್ತಾದ್ರೂ ನ್ಯೂಟ್ರಲ್ ವೈರ್ ಕಡಿದ್ರ, ಇಡೀ ಡಬ್ಬಿಗೆ ಪೂರಾ 230 ವೋಲ್ಟು ಬರ್ತತಿ." ಅಂದ್ರ ಕೂಗೋ ನಾಯಿ ಬಾಯಿ ಕಟ್ಟಿ ಕಳ್ಳನಿಗೆ ಬಾಗಿಲು ತೆಗೆದಂಗ. ಇದನ್ನ ನೆನಪಿಟ್ಕೋರಿ, ಸದ್ದು ನಿಂತ್ರ ಅಪಾಯ ನಿಂತಂಗಲ್ಲ.

ಎರಡನೇ ದಿನ ವಯಸ್ಸಾದ ಒಬ್ರು ಎಲೆಕ್ಟ್ರಿಷಿಯನ್ ಬಂದ್ರು. ಹೋಲ್ಡರಿಗೆ ಬಲ್ಬು ಹಚ್ಚಿ, ಒಂದು ವೈರ್ ಫೇಸಿಗೆ, ಒಂದು ಅರ್ಥ್ ತೂತಿಗೆ ಇಟ್ಟು ನೋಡಿದ್ರು. ಅರ್ಥ್ ಚಲೋ ಇದ್ರ ಬಲ್ಬು ನಿಗಿನಿಗಿ ಉರೀಬೇಕಂತ. ಅಲ್ಲಿ ಮಿಣುಕೂ ಅನ್ನಲಿಲ್ಲ. ಬೋರ್ಡು ಬಿಚ್ಚಿದ್ರ ಅರ್ಥ್ ವೈರ್ ಎಳದೇ ಇಲ್ಲ, ಮೂರನೇ ತೂತು ಬರೇ ಚಂದಕ್ಕ ಇತ್ತು. (ಈ ಪರೀಕ್ಷೆ ನಾವು ನೀವು ಮಾಡೋದಲ್ಲ, ಕೆಲಸ ಬಲ್ಲೋರಿಂದ ಮಾಡಿಸ್ರಿ.)

ಮನಿ ಮಾಲಕರಿಗೆ ಹೇಳಿದ್ರ, "ಇಷ್ಟು ವರ್ಷ ಬಾಡಿಗಿ ಕೊಟ್ಟೀನಿ, ಯಾರಿಗೂ ಏನೂ ಆಗಿಲ್ಲ" ಅಂದ್ರು. ತಂಗಿ ಸುಮ್ನಿರೋ ಸ್ವಭಾವದಾಕಿ, ಮಾಲಕರ ಮುಂದ ಸೆರಗು ಸರಿ ಮಾಡ್ಕೊಂಡು ನಿಂದರಾಕಿ. ಆವತ್ತು ಮಾತ್ರ, "ಆಗೋದು ಒಂದ ಸಲ ರೀ ಅಣ್ಣಾರ. ಆದ ಮ್ಯಾಲ ನೀವು ನನ್ನ ಮಗಳನ್ನ ತಂದು ಕೊಡ್ತೀರೇನು?" ಅಂತ ಕೇಳಿದ್ಲು. ಅಂಗಳದಾಗ ಎಲ್ಲಾರೂ ಗಪ್ಪಾದ್ರು. ಕಡೀಕ ಅರ್ಧ ಖರ್ಚು ಮಾಲಕರು, ಅರ್ಧ ಇವ್ರು ಅಂತ ಒಪ್ಪಿಗಿ ಆಯ್ತು.

ಹಿತ್ತಲದಾಗ ಆಳುದ್ದಕ್ಕಿಂತ ಜಾಸ್ತಿ ಗುಂಡಿ ತೋಡಿ, ನಡುವ ಪೈಪ್ ಇಳಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹಾಕಿ ಮುಚ್ಚಿದ್ರು. ಇದ್ದಿಲು, ಉಪ್ಪು ತಂಪು ಹಿಡ್ಕೊಂತಾವು, ಮಣ್ಣು ಒಣಗಗೊಡಂಗಿಲ್ಲ. ತಂಪು ಇದ್ರ ಮಾತ್ರ ಭೂಮಿ ಕರೆಂಟು ಎಳ್ಕೊಂತತಿ. ಕಂಪ್ಲಿ ಗದ್ದಿ ನೆಲ, ತೇವ ಇರ್ತತಿ, ಚಿಂತಿಲ್ಲ. ಸಂಡೂರಿನ ಗುಡ್ಡದ ಗಟ್ಟಿ ನೆಲದಾಗ, ಹಂಪಿ ಕಡೆ ಬಂಡಿಗಲ್ಲಿನ ನಡುವ ಅರ್ಥ್ ಹಿಡಿಯೋದು ಕಷ್ಟ. ನಮ್ಮ ಹೊಸಪೇಟಿ ಬ್ಯಾಸಿಗಿ ನಿಮಗ ಗೊತ್ತ ಐತಿ, ಏಪ್ರಿಲ್ ಮೇದಾಗ ಗುಂಡಿ ಒಣಗಿ ಬಾಯಿ ಬಿಡ್ತತಿ. ತುಳಸಿಕಟ್ಟಿಗೆ ನೀರು ಹಾಕೋವಾಗ ಅರ್ಥ್ ಗುಂಡಿಗೂ ಎರಡು ಕೊಡ ನೀರು ಹಾಕ್ರಿ. ನಾನು ಹಾಕ್ತೀನಿ.

ಈಗ ಸಂಡೂರಿನ ಮಾತು. ಅಲ್ಲಿ ಕೆಂಪು ಧೂಳು. ಅದಿರು ಲಾರಿ ತಿರುಗೋ ದಾರಿಗೆ ಮನಿ ಇದ್ರ ಕಪಾಟಿನೊಳಗಿನ ಸೀರಿ ಸೈತ ಕೆಂಪಾಗ್ತಾವು, ಇನ್ನ ಫ್ಯಾನ್ ಇರೋ ಕಂಪ್ಯೂಟರ್ ಬಿಡ್ತತೇನು? ಆ ಫ್ಯಾನು ಗಾಳಿ ಜೋಡಿ ಧೂಳನ್ನೂ ಒಳಗ ಎಳ್ಕೊಂತತಿ. ಧೂಳು ತುಂಬಿದ್ರ ಬಿಸಿ ಹೊರಗ ಹೋಗಂಗಿಲ್ಲ, ಮಳಿಗಾಲದಾಗ ಅದು ತೇವ ಹಿಡಿದ್ರ ಕರೆಂಟಿಗೆ ಹೊಸ ದಾರಿ ಆಗ್ತತಿ. ಅದಕ್ಕ ಅಕ್ಕನ ಮಗನ ಹತ್ರ ಬರೋ ಕಂಪ್ಯೂಟರ್‌ಗಳಾಗ ಭಾಳಷ್ಟು ಎಸ್‌ಎಂಪಿಎಸ್ ಹೋಗಿದ್ದ ಇರ್ತಾವಂತ.

ಅವನ ಜೋಡಿ ಕೆಲಸ ಕಲಿಯೋ ಒಬ್ಬ ಹುಡುಗ, ವಯಸ್ಸಿನ್ನೂ ಹದಿನೆಂಟು, ಒಂದು ಕೆಟ್ಟ ಎಸ್‌ಎಂಪಿಎಸ್ ಬಿಚ್ಚಿದ. ಪ್ಲಗ್ಗು ತೆಗೆದಿದ್ದ, ವೈರೂ ತೆಗೆದಿದ್ದ, ಎಲ್ಲಾ ಬಂದ್ ಐತಿ ಅನ್ನೋ ಧೈರ್ಯ. ಒಳಗ ಕೈ ಇಟ್ಟನೋ ಇಲ್ಲೋ, ಫಟ್ ಅಂತ ಹೊಡದು ಕೈ ಹಿಂದಕ್ಕ ಜಗ್ಗಿ, ಮೊಳಕೈ ಕಬ್ಬಿಣದ ರ್‍ಯಾಕಿಗೆ ಬಡೀತು. ಬೆರಳು ಸುಟ್ಟಿತ್ತು, ಮೊಳಕೈಗೆ ಹೊಲಿಗಿ ಬಿತ್ತು, ಪುಣ್ಯಕ್ಕ ಜೀವಕ್ಕೇನೂ ಆಗಲಿಲ್ಲ. ಅವನ ತಾಯಿ ಬಂದು ಅಕ್ಕನ ಮುಂದ ಅತ್ತು, "ಕರೆಂಟ ಇರಲಿಲ್ಲಂತ, ಮತ್ತ ಹೆಂಗ ಹೊಡೀತು? ಏನಾರ ಗಾಳಿ ಸೋಕಿತೋ ಏನೋ" ಅಂದ್ಲಂತ.

ಗಾಳಿ ಅಲ್ಲ, ದೆವ್ವ ಅಲ್ಲ. ನಮ್ಮ ಮನ್ಯಾಗ ನಳ ಬಂದ್ ಆದ್ರೂ ಮ್ಯಾಲಿನ ಟಾಕಿನಾಗ ನೀರು ಇರ್ತತಿಲ್ಲ? ಹಂಗ ಎಸ್‌ಎಂಪಿಎಸ್ ಒಳಗ ಕರೆಂಟು ತುಂಬಿಡೋ ಸಣ್ಣ ಟಾಕಿ ಇರ್ತತಿ, ಕೆಪಾಸಿಟರ್ ಅಂತಾರ. ಹೆಬ್ಬೆರಳಿಗಿಂತ ದಪ್ಪ, ಡಬ್ಬಿ ಆಕಾರ. ಬರೋ 230 ವೋಲ್ಟು ಒಳಗ ಹೋಗಿ ನೇರ ಕರೆಂಟ್ ಆದಾಗ ಸುಮಾರು 325 ವೋಲ್ಟು ಆಗ್ತತಿ. ಕೆಲವು ಹೊಸ ನಮೂನಿಯವ್ರಾಗ 380ರ ಆಸುಪಾಸು. ಅಷ್ಟು ವೋಲ್ಟು ಆ ಟಾಕಿಯಾಗ ತುಂಬಿರ್ತತಿ. ಗ್ವಾಡಿಯಿಂದ ಪ್ಲಗ್ಗು ತೆಗೆದ್ರೂ ಅದು ಖಾಲಿ ಆಗಾಕ ಹೊತ್ತು ಹಿಡಿತತಿ.

ಇದ್ರಾಗ ಒಂದು ತಿರುವು ಐತಿ. ಚಲೋ ಇರೋ ಎಸ್‌ಎಂಪಿಎಸ್ ಆದ್ರ ಪ್ಲಗ್ಗು ತೆಗೆದ ಮ್ಯಾಲೂ ಒಳಗಿನ ಯಂತ್ರ ಆ ಕರೆಂಟು ಕುಡಿದು ಲಗೂನ ಖಾಲಿ ಮಾಡ್ತತಿ. ಕೆಟ್ಟಿದ್ದಾದ್ರ ಕುಡಿಯೋರ ಇಲ್ಲ, ಟಾಕಿ ಹಂಗ ತುಂಬಿಕೊಂಡು ಕುಂತಿರ್ತತಿ. ಅಂದ್ರ ಸತ್ತೈತಿ ಅಂತ ನಾವು ತಿಳಿಯೋದ ಹೆಚ್ಚು ಅಪಾಯ. ಹುಡುಗ್ರು ಯಾವದನ್ನ ಬಿಚ್ಚತಾರ? ಕೆಟ್ಟಿದ್ದನ್ನ. ಕೆಟ್ಟಿದ್ದೈತಿ, ಏನಾದ್ರೂ ಮಾಡ್ಕೊಳ್ಳಲಿ ಅಂತ ಆಟಕ್ಕ ಕೊಡೋರು ನಾವ. ಇನ್ನು ಮುಂದ ಕೊಡಬ್ಯಾಡ್ರಿ. ಗುಜರಿಗೆ ಹಾಕ್ರಿ, ಇಲ್ಲಾ ಅಂಗಡಿಗೆ ಕೊಡ್ರಿ. ಹಳೇ ಡಬ್ಬಾ ಟಿವಿ, ಮೈಕ್ರೊವೇವ್ ಒಲಿಗೂ ಇದ ಮಾತು. ಅವ್ರಾಗ ಸಾವಿರಗಟ್ಟಲೆ ವೋಲ್ಟು ಇರ್ತತಿ.

ಹಂಗಂತ ಹುಡುಗ್ರು ಸಿಪಿಯು ಪಕ್ಕದ ತಗಡು ತೆಗೆದು ನೋಡಿದ್ರ ಒದರಬ್ಯಾಡ್ರಿ. ಸ್ವಿಚ್ಚು ಬಂದ್ ಮಾಡಿ, ಪ್ಲಗ್ಗು ಕೈಯಾಗ ಹಿಡಿದು ತೆಗೆದ ಮ್ಯಾಲ ಅಲ್ಲಿ ಕಾಣೋ ಪಟ್ಟಿ, ಕಾರ್ಡು ಎಲ್ಲಾ 12 ವೋಲ್ಟಿನ ಒಳಗಿನವು, ಅವುಗಳಿಂದ ಶಾಕ್ ಹೊಡಿಯಂಗಿಲ್ಲ. ಅಕ್ಕನ ಮಗನೂ ಹಂಗ ಕಲ್ತಾಂವ. ಮುಟ್ಟಬಾರದ್ದು ಆ ಮೂಲಿಯಾಗಿನ ಕಬ್ಬಿಣದ ಡಬ್ಬಿ ಒಂದು. ಅದನ್ನ ಇಡಿಯಾಗಿ ತೆಗೆದು ಬ್ಯಾರೆ ಹಾಕಬೇಕ ಹೊರತು ಅದರ ಸ್ಕ್ರೂ ಬಿಚ್ಚಬಾರದು. ಅದರ ಗಾಳಿ ತೂತಿನಾಗ ಪಿನ್ನು, ಕಡ್ಡಿ ಹಾಕಬಾರದು. ಕೆಲವು ಹಳೇ ಎಸ್‌ಎಂಪಿಎಸ್ ಹಿಂದ ಒಂದು ಸಣ್ಣ ಕೆಂಪು ಗುಂಡಿ ಇರ್ತತಿ, 115, 230 ಅಂತ ಬರ್ದಿರ್ತತಿ. ಸಣ್ಣ ಹುಡುಗ್ರು ಅದನ್ನ 115ಕ್ಕ ಸರಿಸಿದ್ರ, ಚಾಲೂ ಮಾಡಿದ ಕೂಡಲೇ ಠಪ್ ಅಂತ ಒಡೀತತಿ. ನಮ್ಮ ದೇಶದಾಗ ಅದು 230ರ ಮ್ಯಾಲೇ ಇರಬೇಕು. ಅದರ ಮ್ಯಾಲೊಂದು ಗಟ್ಟಿ ಟೇಪು ಹಚ್ಚಿಬಿಡ್ರಿ.

ಇನ್ನು ಹಂಪಿ ಕಡೆ. ಅತ್ತಿಗಿ ತವರಿನವರು ಬಂದೋರಿಗೆ ಕೋಣಿ ಬಾಡಿಗಿ ಕೊಡ್ತಾರ, ಲೆಕ್ಕಕ್ಕ ಕಂಪ್ಯೂಟರ್ ಇಟ್ಟಾರ. ಕರೆಂಟು ಹೋಗೋದು ಬರೋದು ಜಾಸ್ತಿ ಅಂತ ಯುಪಿಎಸ್ ಐತಿ. ನೆಲ ಒರೆಸೋವಾಗ ಅವರ ಅಮ್ಮ ಗ್ವಾಡಿ ಪ್ಲಗ್ಗು ತೆಗೆದು, ಕರೆಂಟು ಹೋಯ್ತು ಅಂತ ತಿಳ್ಕೊಂಡು ಯುಪಿಎಸ್‌ನ ಒದ್ದಿ ಬಟ್ಟಿಲೆ ಒರೆಸ್ತಿದ್ರು. ಅದು ಬೀಪ್ ಬೀಪ್ ಅಂತ ಒದರೋದು, ಇವರು ಒರೆಸೋದು. ಹೋದ ಸಲ ಹೋದಾಗ ಅತ್ತಿಗಿನ ಅವರಿಗೆ ತಿಳಿಸಿ ಹೇಳಿದ್ಲು, "ಅಮ್ಮಾ, ಅದು ಒದರೋದು ಯಾಕಂದ್ರ, ನನ್ನೊಳಗ ಬ್ಯಾಟರಿ ಐತಿ, ನಾನಿನ್ನೂ 230 ವೋಲ್ಟು ಕೊಡಾಕತ್ತೀನಿ ಅಂತ." ಖರೇನ. ಯುಪಿಎಸ್ ಗ್ವಾಡಿ ಪ್ಲಗ್ಗು ತೆಗೆದ್ರೂ ಅದರ ಹಿಂದಿನ ತೂತಿನಾಗ ಪೂರಾ ಕರೆಂಟು ಇರ್ತತಿ. ಮೊದಲು ಅದರ ಸ್ವಂತ ಗುಂಡಿ ಒತ್ತಿ ಬಂದ್ ಮಾಡಬೇಕು, ಬೀಪ್ ನಿಂದರಬೇಕು, ಆಮ್ಯಾಲ ಒಣ ಬಟ್ಟಿ. ಮನಿ ಇನ್ವರ್ಟರ್‌ದೂ ಇದ ಕಥಿ. ಬೀದ್ಯಾಗ ಕರೆಂಟಿಲ್ಲ ಅಂತ ಬೋರ್ಡಿಗೆ ಕೈ ಹಾಕಬ್ಯಾಡ್ರಿ, ನಿಮ್ಮ ಮನಿ ವೈರಿನಾಗ ಬ್ಯಾಟರಿ ಕರೆಂಟು ಓಡಾಡ್ತಿರ್ತತಿ.

ಕಂಪ್ಲಿ ಕೋಟೆ ಕಡೆಯವರಿಗೆ ಒಂದು ಮಾತು. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಹೊಳಿ ಮನಿ ಬಾಗಿಲಿಗೆ ಬರ್ತತಿ, ನಿಮಗ ಹೊಸದಲ್ಲ. ನೀರು ಬರೋ ಸುದ್ದಿ ಬಂದ ಕೂಡಲೇ ಮೇನ್ ಸ್ವಿಚ್ಚು ಬಂದ್ ಮಾಡ್ರಿ, ಯುಪಿಎಸ್, ಬ್ಯಾಟರಿ ಮ್ಯಾಲಿಡ್ರಿ. ನೀರು ಇಳಿದ ಮ್ಯಾಲ ಬಿಸಿಲಿಗೆ ಒಣಗಿಸಿ ಹಾಕಿದ್ರ ಆಯ್ತು ಅನ್ನಬ್ಯಾಡ್ರಿ. ಒದ್ದಿಯಾದ ಕಂಪ್ಯೂಟರನ್ನ, ಬೋರ್ಡನ್ನ ತಿಳಿದೋರಿಗೆ ತೋರಿಸದ ಚಾಲೂ ಮಾಡಬಾರದು.

ಎಷ್ಟು ಕರೆಂಟಿಗೆ ಮನುಷ್ಯಾ ಹೋಗ್ತಾನ ಅಂತ ನಾನು ಅಕ್ಕನ ಮಗನ್ನ ಕೇಳಿದೆ. ಅವನು ಹೇಳಿದ್ದು ಕೇಳಿ ನಿದ್ದಿ ಬರಲಿಲ್ಲ. ಒಂದು ಮಿಲಿಆಂಪಿಯರಿಗೆ ಜುಂ ಅಂತತಿ. ಹತ್ತು ಇಪ್ಪತ್ತಕ್ಕ ಕೈ ಬಿಗಿ ಹಿಡಿತತಿ, ಬಿಡಬೇಕಂದ್ರೂ ಬಿಡಾಕ ಆಗಂಗಿಲ್ಲ. ಐವತ್ತು ದಾಟಿ ಎದಿ ಮ್ಯಾಲ ಹಾಯ್ದ್ರ ಗುಂಡಿಗಿ ತಾಳ ತಪ್ಪತತಿ. ನಮ್ಮ ಹಳೇ 60 ವ್ಯಾಟಿನ ಬಲ್ಬು ಸುಮಾರು 260 ಮಿಲಿಆಂಪಿಯರ್ ಕುಡಿತಿತ್ತು. ಅದರ ಐದ್ರಾಗ ಒಂದು ಪಾಲು ಸಾಕು, ಒಂದು ಜೀವ ಹೋಗಾಕ. ಒಣ ಕೈ, ಒಣ ಕಾಲು ಇದ್ರ ನಮ್ಮ ಚರ್ಮ ಕರೆಂಟನ್ನ ಬಹಳ ತಡಿತತಿ. ಒದ್ದಿ ಕೈ, ಬರಿಗಾಲು, ಒರೆಸಿದ ನೆಲ, ಈ ಮೂರು ಕೂಡಿದ್ರ ತಡಿಯೋರು ಯಾರೂ ಇಲ್ಲ.

"ನಮ್ಮನ್ಯಾಗ ಎಂಸಿಬಿ ಐತಿ, ತಾನ ಬೀಳ್ತತಿ" ಅಂತ ಕೆಲವರು ಧೈರ್ಯವಾಗಿ ಇರ್ತೀರಿ. ಎಂಸಿಬಿ ಇರೋದು ವೈರ್ ಸುಡದಂಗ ಕಾಯಾಕ. ಅದು 6 ಆಂಪಿಯರ್, 16 ಆಂಪಿಯರ್ ದಾಟಿದ್ರ ಬೀಳೋದು. ಮನುಷ್ಯಾನ ಜೀವ ಹೋಗೋದು ಅದರ ನೂರರಾಗ ಒಂದು ಪಾಲಿಗೆ. ಅದಕ್ಕ ಗೊತ್ತ ಆಗಂಗಿಲ್ಲ. ಮನುಷ್ಯಾನ್ನ ಕಾಯೋದು ಇನ್ನೊಂದು, ಆರ್‌ಸಿಸಿಬಿ ಅಂತಾರ. ಹೋದ ಕರೆಂಟು ಹೊಳ್ಳಿ ಬಂತಿಲ್ಲೋ ಅಂತ ಅದು ಲೆಕ್ಕ ಹಿಡಿತತಿ. ಮನಿಗೆ ಹಾಕೋದು 30 ಮಿಲಿಆಂಪಿಯರಿಂದು. ಅಷ್ಟು ಕರೆಂಟು ದಾರಿ ತಪ್ಪಿ ಯಾರದಾದ್ರೂ ಮೈಯಿಂದ ಭೂಮಿಗೆ ಹೋತಂದ್ರ, ಕಣ್ಣು ಮುಚ್ಚಿ ತೆಗಿಯೋದ್ರೊಳಗ ಬಂದ್ ಮಾಡ್ತತಿ. ಒಂದು ಚಲೋ ಸೀರಿ ರೊಕ್ಕದಾಗ ಬರ್ತತಿ. ಅದ್ರಾಗ ಟೆಸ್ಟ್ ಅಂತ ಗುಂಡಿ ಇರ್ತತಿ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಟಕ್ ಅಂತ ಬೀಳಬೇಕು. ಆದ್ರ ಎಸ್‌ಎಂಪಿಎಸ್ ಒಳಗಿನ ಟಾಕಿ ಕರೆಂಟಿಗೆ ಇದರ ಆಟ ನಡಿಯಂಗಿಲ್ಲ, ಯಾಕಂದ್ರ ಅದು ಗ್ವಾಡಿಯಿಂದ ಬಂದಿದ್ದಲ್ಲ. ಅದಕ್ಕ ಇದ್ದ ಔಷಧ ಒಂದ, ಬಿಚ್ಚದ ಇರೋದು.

ತಂಗಿ ಮನ್ಯಾಗ ಅರ್ಥ್ ಆದ ಮ್ಯಾಲ ನಾನ ಕೈ ಇಟ್ಟು ನೋಡಿದೆ. ಜುಂ ಅನ್ನಲಿಲ್ಲ. ತಂಗಿ ಗಂಡ ಮೊದಲು ನಕ್ಕಿದ್ರಲ್ಲ, ಅವರ ತಾವಾಗಿ ಅಂಗಡಿಗೆ ಹೋಗಿ ಆರ್‌ಸಿಸಿಬಿ ತಂದು ಹಾಕಿಸಿದ್ರು. ಹುಡುಗಿ ಈಗ ಪರೀಕ್ಷೆಗೆ ಓದಾಕತ್ತಾಳ. ಪಕ್ಕದ ಮನಿಯವರೂ ಅದ ಮಾಲಕರ ಬಾಡಿಗಿದಾರರು, ಅವರೂ ಈಗ ಅರ್ಥ್ ಕೇಳ್ಯಾರಂತ.

ಈಗ ಆಯುಧ ಪೂಜಿ ಬಂತು. ಮಹಾನವಮಿ ದಿಬ್ಬ ಇರೋ ಸೀಮಿ ನಮ್ಮದು, ರಾಜರ ಕಾಲದಿಂದ ನವರಾತ್ರಿ ಮಾಡಿದ ನೆಲ. ಆವಾಗ ಕತ್ತಿ, ಗುರಾಣಿ, ಈವಾಗ ಕಂಪ್ಯೂಟರ್, ಬೈಕು. ಪೂಜಿ ಮಾಡೋಣ, ಬಿಡೋದು ಬ್ಯಾಡ. ಹೆಂಗ ಅಂತ ಹೇಳ್ತೀನಿ. ಹಿಂದಿನ ರಾತ್ರಿನ ಕಂಪ್ಯೂಟರ್ ಬಂದ್ ಮಾಡಿ, ಯುಪಿಎಸ್ ಗುಂಡಿ ಒತ್ತಿ, ಪ್ಲಗ್ಗು ತೆಗೆದಿಡ್ರಿ. ಬೆಳಿಗ್ಗೆ ಒಣ ಬಟ್ಟಿಲೆ ಹೊರಗಿನ ಮೈ ಅಷ್ಟ ಒರೆಸ್ರಿ. ಧೂಳಿಗೆ ಮೆತ್ತಗಿನ ಬ್ರಷ್ಷು ಸಾಕು, ಗಾಳಿ ತೂತಿಗೆ ಒದ್ದಿ ಬಟ್ಟಿ ಬ್ಯಾಡ. ವಿಭೂತಿ, ಕುಂಕುಮ ಮುಂದಿನ ಮೈಗೆ ಹಚ್ರಿ, ಒಣದು ಹಚ್ರಿ. ತೀರ್ಥ ಚಿಮುಕಿಸೋದು ಟೇಬಲ್ ಕಾಲಿಗೆ. ಹೂವು ಮ್ಯಾಲಿಡ್ರಿ, ಹಿಂದಿನ ಫ್ಯಾನಿಗೆ ಮಾಲಿ ಇಳಿ ಬಿಡಬ್ಯಾಡ್ರಿ. ದೀಪ, ಊದಿನಕಡ್ಡಿ ವೈರಿನ ಹತ್ರ ಬ್ಯಾಡ. ನೆಲ ಪೂರ್ತಿ ಒಣಗಿದ ಮ್ಯಾಲ, ಕೈ ಒಣಗಿಸಿಕೊಂಡು, ಕಾಲಾಗ ಚಪ್ಪಲಿ ಹಾಕ್ಕೊಂಡು ಪ್ಲಗ್ಗು ಹಾಕ್ರಿ. ಚಪ್ಪಲಿ ಹಾಕ್ಕೊಂಡ್ರ ಮಡಿ ಮೈಲಿಗಿ ಅನ್ನೋ ಹಿರಿಯರಿಗೆ, ಪೂಜಿ ಮುಗಿದೈತಿ, ಈಗ ಕರೆಂಟಿನ ಕೆಲಸ ಅಂತ ಹೇಳ್ರಿ.

ದೇವ್ರು ಹಂಗ ಮಾಡದಿರಲಿ, ಯಾರಿಗಾದ್ರೂ ಕರೆಂಟು ಹಿಡಿದ್ರ ಓಡಿ ಹೋಗಿ ಅಪ್ಪಿ ಜಗ್ಗಬ್ಯಾಡ್ರಿ. ತಾಯಿ ಕರುಳು ಹಂಗ ಓಡತತಿ, ಒಬ್ರ ಹೋಗೋದು ಇಬ್ರು ಆಗ್ತತಿ. ಮೊದಲು ಮೇನ್ ಬಂದ್ ಮಾಡ್ರಿ. ಅದು ದೂರ ಇದ್ರ ಒಣ ಕಟಿಗಿ ತಗೊಂಡು, ಒಣ ಚಾಪಿ ಇಲ್ಲಾ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ನಿಂತು ವೈರು ಸರಸ್ರಿ. 108ಕ್ಕ ಫೋನ್ ಮಾಡ್ರಿ. ಉಸಿರು ಇಲ್ಲಾಂದ್ರ ಎದಿ ನಡುವ ಎರಡೂ ಕೈ ಇಟ್ಟು ಜೋರಾಗಿ, ನಿಮಿಷಕ್ಕ ನೂರರಿಂದ ನೂರಾ ಇಪ್ಪತ್ತು ಸಲ ಒತ್ತತಾ ಇರ್ರಿ, ಗಾಡಿ ಬರೋ ತನಕ. ಎದ್ದು ಕುಂತು ಆರಾಮದೀನಿ ಅಂದ್ರೂ ದವಾಖಾನಿಗೆ ತೋರಿಸ್ರಿ. ಬೆಂಕಿ ಹತ್ತಿದ್ರ ನೀರು ಗೊಜ್ಜಬ್ಯಾಡ್ರಿ. ಇದು ಮನಿ ಕರೆಂಟಿನ ಮಾತು. ಬೀದ್ಯಾಗ ತಂತಿ ಕಡಿದು ಬಿದ್ರ ಕಟಿಗಿನೂ ಬ್ಯಾಡ, ಹತ್ರನೂ ಹೋಗಬ್ಯಾಡ್ರಿ, ಜೆಸ್ಕಾಂನವರಿಗೆ 1912ಕ್ಕ ಹೇಳ್ರಿ.

ಇದೆಲ್ಲಾ ಗಂಡಸ್ರ ಕೆಲಸ, ನಮಗ್ಯಾಕ ಅಂತ ಅನ್ನಬ್ಯಾಡ್ರಿ. ಗ್ಯಾಸ್ ವಾಸನಿ ಬಂದ್ರ ಮೊದಲು ಮೂಗು ಅರಳಿಸೋರು ನಾವು, ಹಾಲು ಉಕ್ಕೋದು ಮೊದಲು ಕೇಳೋರು ನಾವು. ಹಂಗ ಡಬ್ಬಿ ಜುಂ ಅಂದ್ರ ಮೊದಲು ಗೊತ್ತಾಗೋದೂ ನಮ್ಮ ಕೈಗೆ. ನಮ್ಮ ಕೈ ಹೇಳಿದ್ದನ್ನ ನಾವ ನಂಬಬೇಕು, ಮನಿಯವರು ನಕ್ಕರೂ ಪರವಾಗಿಲ್ಲ.

ಇವತ್ತ ಒಂದು ಕೆಲಸ ಮಾಡ್ರಿ. ಮನ್ಯಾಗಿನ ಎಲ್ಲಾ ಪ್ಲಗ್ಗು ಒಮ್ಮೆ ನೋಡ್ರಿ, ಮೂರನೇ ಕಡ್ಡಿ ಐತೋ ಇಲ್ಲೋ. ಎಲೆಕ್ಟ್ರಿಷಿಯನ್ ಬಂದಾಗ ಫ್ಯಾನು ರಿಪೇರಿ ಮಾಡಿಸಿ ಕಳಿಸಬ್ಯಾಡ್ರಿ, "ಅರ್ಥ್ ಐತೇನಪ್ಪ, ನೋಡು" ಅಂತ ಕೇಳ್ರಿ. ನಿಮ್ಮನ್ಯಾಗ ಏನು ಕಂಡಿತು ಅಂತ ಬನ್ನಿ ಕೊಡಾಕ ಬಂದಾಗ ನನಗ ಹೇಳ್ರಿ. ಬನ್ನಿ ತಗೊಂಡು ಬಂಗಾರದಂಗ ಇರೋಣು.